ಖೈರುನಬಿಯ ಕೈಯಲ್ಲಿ ಒಡೆದ ಬಳೆ

ಗದಗ-ಬೆಟಗೇರಿಯ ನಮ್ಮ ಓಣಿಯಲ್ಲಿ ನನ್ನ ಅಂಗಡಿಗೂ ಖೈರುನಬಿಯ ಅಂಗಡಿಗೂ ನಡುವೆ ಒಂದೇ ಗೋಡೆ. ಈ ಕಡೆ ನನ್ನ ಜಂಪರು ಹೊಲಿಯುವ ಮಷಿನು, ಆ ಕಡೆ ಆಕೆಯ ಬಳೆಗಳು. ಆಕೆಗೆ ಈಗ ಐವತ್ತೆಂಟು. ನಾನು ಸಣ್ಣವಳಿದ್ದಾಗಿನಿಂದ ಆಕೆಯನ್ನು ಚಿಗವ್ವಾ ಅಂತಲೇ ಕರೆದವಳು. ನಮ್ಮ ಮನೆಯಲ್ಲಿ ಕುಬಸ, ಅಂದರೆ ಬಸುರಿಯ ಸೀಮಂತ, ಆದ ಮೇಲೆ ಆ ಮಾತು ಬಾಯಿಂದ ಸಲೀಸಾಗಿ ಬರುತ್ತಿಲ್ಲ. ಯಾಕೆ ಅಂತ ಹೇಳಿಯೇ ಬಿಡುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ.

ಖೈರುನಬಿಗೆ ಈ ಕೆಲಸ ಕಲಿಸಿದವಳು ಆಕೆಯ ಅತ್ತೆ ಮೋತಿಬಿ. ಗಂಡ ನಜೀರಸಾಬ ಸೈಕಲ್ಲಿಗೆ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಅಂತೂರ ಬೆಂತೂರ, ಮಾಗಡಿ ಅಂತ ಸುತ್ತಲ ಹಳ್ಳಿ ತಿರುಗುತ್ತಿದ್ದರು. ಈಗ ಮೊಣಕಾಲು ಹಿಡಿದುಕೊಂಡು ಮನೆಯಲ್ಲಿ ಕೂತಿದ್ದಾರೆ. ಅಂಗಡಿ ನಡೆಸುವುದು ಖೈರುನಬಿ. ಆಕೆ ನಿಮ್ಮ ಕೈ ಹಿಡಿದು ಒಂದು ಸಲ ಹಿಸುಕಿದರೆ ಸಾಕು, ಎರಡು-ನಾಲ್ಕೋ ಎರಡು-ಆರೋ ಅಂತ ಬಳೆಯ ಅಳತೆ ಬಾಯಲ್ಲಿ ಬರುತ್ತದೆ. ಆಮೇಲೆ ಹೆಬ್ಬೆರಳನ್ನು ಒಳಕ್ಕೆ ಮಡಿಚಿ, "ಇವತ್ತ ಏನ ಪಲ್ಯಾ ಮಾಡಿದ್ದೆವಾ?" ಅನ್ನುತ್ತಾಳೆ. ಬದನೆಕಾಯಿ ಅನ್ನುವಷ್ಟರಲ್ಲಿ ಬಳೆ ಗೆಣ್ಣು ದಾಟಿರುತ್ತದೆ.

ನಮ್ಮ ಕಡೆ ಬಳೆಗಾರ್ತಿಗೆ ಬಳೆಯ ದುಡ್ಡಷ್ಟೇ, ತೊಡಿಸಿದ್ದಕ್ಕೆ ಕೂಲಿ ಇಲ್ಲ. ತೊಡಿಸುವಾಗ ಒಡೆದರೆ ಅದೂ ಅವಳ ಪಾಲಿಗೇ. ಬಳೆ ಅವಳದೇ ಆಗಿದ್ದ ಕಾಲದ ಪದ್ಧತಿ ಅದು. ಬಸುರಿಗೆ ಕುಬಸದಲ್ಲಿ ಹಸಿರು ಬಳೆ ಹಾಕುವಾಗ ಮಾತ್ರ ಒಡೆಯಲೇಬಾರದು, ಒಡೆದರೆ ಕೂಸಿಗೆ ಅಪಶಕುನ ಅನ್ನುತ್ತಾರೆ. ನಲವತ್ತು ವರ್ಷದಲ್ಲಿ ಖೈರುನಬಿ ಒಬ್ಬ ಬಸುರಿಯ ಕೈಯಲ್ಲೂ ಬಳೆ ಒಡೆದವಳಲ್ಲ. ಅದಕ್ಕೇ ಮುಂಡರಗಿಯಿಂದ, ಲಕ್ಷ್ಮೇಶ್ವರದಿಂದ ಅವಳನ್ನು ಕರೆಯಲು ಬರುತ್ತಿದ್ದರು. ಮದುವೆಯ ಬಳೆ, ಹಬ್ಬದ ಬಳೆ ಎಲ್ಲ ಮೊಬೈಲಿಗೆ ಹೋದ ಮೇಲೆ ಅಂಗಡಿಯ ಬಾಗಿಲು ತೆರೆದಿದ್ದದ್ದು ಆ ಒಂದು ಹೆಸರಿನ ಮೇಲೆ.

ಈಗ ನನ್ನ ಮಾತು. ಮೊಬೈಲಿನಲ್ಲಿ ಅಗ್ಗಕ್ಕೆ ತರಿಸಿದ ರೆಡಿಮೇಡ್ ಜಂಪರು ಹಿಡಿದು ನನ್ನ ಹತ್ತಿರ ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. "ರೋಹಿಣಿ, ಬಗಲಾಗ ಹಿಡಿತೈತಿ, ಎರಡ ಹೊಲಿಗಿ ಬಿಚ್ಚಿ ಹಾಕವಾ" ಅನ್ನುತ್ತಾರೆ. ಎರಡು ಹೊಲಿಗೆಗೆ ಕೊಡುವುದೇನು? ಹಲ್ಲು ಕಿರಿದು ಒಂದು ನಗೆ! ಎಷ್ಟೋ ಜನರನ್ನು ಬೈದು ಓಡಿಸಿದ್ದೇನೆ. ಅಂಥ ನಾನು ಏನು ಮಾಡಿದೆ ಕೇಳಿ.

ನನ್ನ ತಮ್ಮ ಕಿಶೋರನ ಹೆಂಡತಿ ತುಳಸಾಗೆ ಏಳು ತಿಂಗಳು ತುಂಬಿತು. ನಮ್ಮವ್ವ ಸಾವಂತ್ರೆವ್ವ ನೂರಿಪ್ಪತ್ತು ಹೆಂಗಸರನ್ನು ಕುಬಸಕ್ಕೆ ಕರೆದಳು. ಬಂದವರಿಗೆಲ್ಲ ಬಳೆ ಹಾಕಿಸಬೇಕು. "ಮೊಬೈಲದಾಗ ಅರ್ಧಕ್ಕರ್ಧ ಕಮ್ಮಿ ಅದಾವಂತ ನೋಡಲೇ ರೋಹಿಣಿ" ಅಂದಳು. ನೋಡಿದೆ, ಇದ್ದವು. ಅವ್ವನ ಮೇಲೆ ಹಾಕಿ ನಾನು ಪಾರಾಗಬಹುದು, ಆದರೆ ಒತ್ತಿದ ಬೆರಳು ನನ್ನದೇ. ತುಳಸಾಳ ಅಳತೆಗೆ ಅವಳ ಮದುವೆಯ ಬಳೆಯೊಂದನ್ನು ತೆಗೆದು ಸ್ಕೇಲಿಟ್ಟು ನೋಡಿದೆ, ಎರಡು-ನಾಲ್ಕು. ಯಾರಾದರೂ ಹಳೆಯ ಜಂಪರು ಅಳತೆಗೆ ತಂದರೆ, "ಮೈ ಅಳತಿ ಕೊಡ್ರಿ, ಹಳೇದು ಒಯ್ದು ಗೂಟಕ್ಕ ಹಾಕ್ರಿ" ಅಂತ ಗದರಿಸುವ ದರ್ಜಿ ನಾನು! ಬಸುರಿಯ ಕೈಗೆ ಬಾವು ಬಂದಿದ್ದನ್ನು ದಿನಾ ಕಣ್ಣಾರೆ ನೋಡುತ್ತಿದ್ದೆ. ಆದರೂ ಒತ್ತಿದೆ.

ಪಾರ್ಸಲ್ ಬಂದ ದಿನ ನನ್ನ ಅಂಗಡಿ ಮುಚ್ಚಿತ್ತು. ತಂದವನು ಅದನ್ನು ಖೈರುನಬಿಯ ಕೈಗೆ ಕೊಟ್ಟು ಹೋಗಿದ್ದ. ಸಂಜೆ ಆಕೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, "ನಿನ್ನ ಪಾರ್ಸಲ್ ಬಂದೈತಿ ರೋಹಿಣಿ. ಹಗೂರಕ ಇಡು" ಅಂದಳು. ಗಾಜಿನ ಸದ್ದು ಗೊತ್ತಾಗದಷ್ಟು ದಡ್ಡಳೇ ಆಕೆ? ನಾನು ನೆಲ ನೋಡುತ್ತ ಡಬ್ಬಿ ಇಸಿದುಕೊಂಡೆ.

ಅಷ್ಟಾದರೂ ಅವ್ವನಿಗೆ ಅವಳನ್ನೇ ಕರೆಯಬೇಕು! "ಕೈ ಗುಣಾ ಚಲೋ ಐತಿ, ಆಕೀನ ತೊಡಸಲಿ" ಅಂದಳು. ಬಳೆ ಮೊಬೈಲಿನದು, ಕೈಗುಣ ಖೈರುನಬಿಯದು, ಅದೂ ಪುಕ್ಕಟೆ. ಆಕೆ ಬಂದಳು. ಬಸುರಿಯ ಹೆಸರು ಹೇಳಿ ಕರೆದರೆ ಇಲ್ಲ ಅನ್ನುವ ಜೀವ ಅಲ್ಲ ಅದು. ತುಳಸಾಳ ಕೈ ಹಿಸುಕಿ ನೋಡಿದವಳೇ ಡಬ್ಬಿಯ ಬಳೆ ಎತ್ತಿ ಮುಖ ಸಿಂಡರಿಸಿದಳು.

"ಇವು ಎರಡ-ನಾಕು ಅದಾವ್ರಿ ಸಾವಂತ್ರಕ್ಕಾ. ಹುಡುಗಿ ಕೈ ಬಾತೈತಿ, ಎರಡ-ಆರು ಬೇಕು. ನನ್ನ ಚೀಲದಾಗ ಒಂದು ಡಜನ್ ಅದಾವ, ಹಾಕತೇನಿ."

ಅವ್ವ ನೆರೆದವರ ಕಡೆ ತಿರುಗಿ ನಕ್ಕಳು. "ನೋಡ್ರವಾ, ತನ್ನ ಮಾಲು ಮಾರಾಕ ಹೆಂಗ ಹಾದಿ ಹುಡುಕ್ಯಾಳ!"

ಹೆಂಗಸರು ಘೊಳ್ಳೆಂದರು. ಖೈರುನಬಿ ಮತ್ತೊಮ್ಮೆ ಅಂದಳು, "ಮಾರಾಕಲ್ರಿ. ಇವು ಹೋಗಂಗಿಲ್ಲ."

"ಹೋಗತಾವ. ರೋಹಿಣಿ ಅಳತಿ ತಗೊಂಡಾಳ, ದರ್ಜಿ ಆಕಿ. ಸಬಕಾರ ಹಚ್ಚಿ ಹಾಕು."

ಖೈರುನಬಿ ನನ್ನ ಮುಖ ನೋಡಿದಳು. ಅಳತೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಹೇಳಬೇಕಿತ್ತು. ನೂರಿಪ್ಪತ್ತು ಹೆಂಗಸರ ಎದುರಿಗೆ ಅವ್ವನ ಮಾತು ತೆಗೆದು ಹಾಕುವುದು ಹೇಗೆ ಅಂತ ಬಾಯಿ ಮುಚ್ಚಿಕೊಂಡೆ. ಥೂ ನನ್ನ ಬಾಯಿಗಿಷ್ಟು!

ಬಸುರಿಯನ್ನು ಬರಿಗೈಯಲ್ಲಿ ಬಿಟ್ಟು ಎದ್ದು ಹೋಗುವುದು ಖೈರುನಬಿಯಿಂದ ಆಗಲಿಲ್ಲ. ಸಾಬೂನಿನ ನೀರು ತರಿಸಿದಳು. ಒಂದು ಹೋಯಿತು, ಎರಡು ಹೋಯಿತು. ತುಳಸಾ ತುಟಿ ಕಚ್ಚಿಕೊಂಡು ಕೂತಿದ್ದಳು. ಮೂರನೆಯದು ಗೆಣ್ಣಿನ ಮೇಲೆ ಟಪ್ಪೆಂದು ಒಡೆದು ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತು. ಹಸಿರು ಸೀರೆಯ ಮೇಲೆ ರಕ್ತ. ಯಾರೋ "ಅಯ್ಯ ಶಿವನೇ" ಅಂದರು.

ಅವ್ವ ಮೊದಲು ಆಡಿದ ಮಾತು ಇದು: "ನಿನ್ನ ಕೈ ನಡಗತಾವ ಖೈರುನಬಿ. ವಯಸ್ಸಾತು ನಿನಗ. ಮೊದಲ ಹೇಳಬೇಕಿಲ್ಲೇನು?"

ಖೈರುನಬಿ ಗಾಯಕ್ಕೆ ಅರಿಶಿನ ಒತ್ತಿ ಬಟ್ಟೆ ಕಟ್ಟಿದಳು. ತನ್ನ ಚೀಲದಿಂದ ಎರಡು-ಆರರ ಬಳೆ ತೆಗೆದು ಅದೇ ಕೈಗೆ, ಗಾಯಕ್ಕೆ ತಾಗದಂತೆ, ಒಂದೊಂದಾಗಿ ತೊಡಿಸಿದಳು. ನಡುಗುವ ಕೈಯಲ್ಲಿ ಆಗುವ ಕೆಲಸವಾ ಅದು? ಎಲ್ಲರೂ ನೋಡಿದರು. ಸಂಜೆಯವರೆಗೆ ಕೂತು ಉಳಿದವರಿಗೆಲ್ಲ ಆ ದರಿದ್ರ ಬಳೆಗಳನ್ನು ಹಾಕಿದಳು. ಅದರಲ್ಲಿ ಹನ್ನೊಂದು ಒಡೆದವು. ಅವ್ವ ಎಣಿಸಿ ಇಟ್ಟುಕೊಂಡಿದ್ದಳು! "ತೊಡಸೂ ಮುಂದ ಒಡದದ್ದು ಬಳಿಗಾರ್ತಿ ಪಾಲಿಗೆ, ಪದ್ಧತಿ ಐತಲ್ಲ" ಅಂತ ಆಕೆಯ ಚೀಲದಲ್ಲಿದ್ದ ಬೇರೆ ಅಳತೆಯ ಬಳೆ ಹನ್ನೊಂದು ಇಸಿದುಕೊಂಡಳು. ಖೈರುನಬಿ ಕೊಟ್ಟು ಎದ್ದಳು, ಚಹಾ ಸಹ ಕುಡಿಯಲಿಲ್ಲ.

ಸುದ್ದಿ ಓಣಿ ದಾಟಲು ಒಂದು ರಾತ್ರಿಯೂ ಬೇಕಾಗಲಿಲ್ಲ. ಲಕ್ಷ್ಮೇಶ್ವರದವರು ಫೋನು ಮಾಡಿ ಬರುವುದು ಬೇಡ ಅಂದರು. ಮುಂಡರಗಿಯವರು ಫೋನನ್ನೂ ಮಾಡಲಿಲ್ಲ. ಎಂಟು ದಿನ ಗೋಡೆಯ ಆ ಕಡೆ ಒಂದು ಬಳೆಯ ಸದ್ದು ಕೇಳಲಿಲ್ಲ. ಒಂಬತ್ತನೆಯ ದಿನ ತಡೆಯಲಾಗದೆ ಹೋಗಿ ಆಕೆಯ ಎದುರಿಗೆ ಕೂತೆ.

"ಚಿಗವ್ವಾ, ಅಳತಿ ತಪ್ಪು ನಂದು. ಮದವಿ ಬಳಿ ನೋಡಿ ತರಿಸಿದ್ದೆ."

ಆಕೆ ಬಳೆಯ ಧೂಳು ಒರೆಸುತ್ತಿದ್ದಳು. ಒರೆಸುವ ಬಟ್ಟೆಯನ್ನು ತೆಗೆದು ಹಲಗೆಯ ಮೇಲೆ ಒಗೆದಳು.

"ಗೊತ್ತೈತಿ. ಅವತ್ತ ನಿನ್ನ ಮಾರಿ ನೋಡಿದಾಗನ ಗೊತ್ತಾತು. ಇಲ್ಲಿ ಬಂದು ನನ್ನ ಕಿವ್ಯಾಗ ಯಾಕ ಹೇಳತಿ? ನನ್ನ ಹೆಸರು ಇಲ್ಲಿ ಹೋತೇನು? ನೂರಾ ಇಪ್ಪತ್ತು ಮಂದ್ಯಾಗ ಹೋತು. ಅಲ್ಲಿ ಹೇಳಾಕ ಧೈರ್ಯ ಇದ್ರ ಹೇಳು, ಇಲ್ಲಂದ್ರ ಎದ್ದು ನಿನ್ನ ಮಷಿನಿಗೆ ಹೋಗು."

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ತಪ್ಪೊಪ್ಪಿಕೊಂಡರೆ ತಲೆ ಸವರಿ ಕಳಿಸುತ್ತಾಳೆ ಅಂದುಕೊಂಡಿದ್ದೆ. ಮನೆಗೆ ಬಂದು ಪಾತ್ರೆ ಕುಕ್ಕಿದೆ, ಮಕ್ಕಳ ಮೇಲೆ ಹರಿಹಾಯ್ದೆ. ಆಕೆ ಹೇಳಿದ್ದು ಸರಿ ಅಂತ ಒಪ್ಪಲು ನನಗೆ ಎರಡು ದಿನ ಬೇಕಾಯಿತು.

ಒಂಬತ್ತನೆಯ ತಿಂಗಳಲ್ಲಿ ತುಳಸಾಳ ತವರು ಶಿರಹಟ್ಟಿಯಲ್ಲಿ ಎರಡನೆಯ ಕುಬಸ. ನಮ್ಮ ಓಣಿಯ ಅರ್ಧ ಹೆಂಗಸರು ಬಸ್ಸು ಹತ್ತಿ ಅಲ್ಲಿಗೂ ಬಂದರು. ತುಳಸಾಳ ತಾಯಿ ದೇವವ್ವ ಹಸಿರು ಬಣ್ಣ ಬಳಿದ ತಗಡಿನ ಬಳೆಗಳನ್ನು ಮುಂದಿಟ್ಟು, "ಇವು ಒಡಿಯಂಗಿಲ್ರಿ. ಆನ್‌ಲೈನದಾಗ ತರಿಸೇವಿ. ಆ ಬಳಿಗಾರ್ತಿ ಕೈ ನಡಗತಾವಂತಲ್ಲ" ಅಂದಳು. ಅವ್ವ ಹೌದೌದು ಅಂತ ಗೋಣು ಹಾಕಿದಳು.

ಎದ್ದು ನಿಂತೆ. "ಖೈರುನಬಿ ಕೈ ನಡುಗಿಲ್ಲ. ತಪ್ಪ ಅಳತಿ ತರಿಸಿದಾಕಿ ನಾನು. ಆಕಿ ಎರಡು ಸಲ ಹೋಗಂಗಿಲ್ಲ ಅಂದಳು. ಹೌದೋ ಇಲ್ಲೋ? ನಮ್ಮ ಓಣ್ಯಾಗಿಂದ ಬಂದವರೆಲ್ಲ ಕೇಳೀರಿ. ನಕ್ಕೀರಿ. ಊರೆಲ್ಲ ಸುಳ್ಳ ಸುದ್ದಿ ಹಬ್ಬಿಸೀರಿ."

"ನಾಕು ಮಂದ್ಯಾಗ ನನ್ನ ಮರ್ಯಾದಿ ಕಳೀತೀ ಏನಲೇ!" ಅವ್ವ ಹಾರಿಬಿದ್ದಳು.

"ಆಕಿ ಮರ್ಯಾದಿ ನೂರಾ ಇಪ್ಪತ್ತು ಮಂದ್ಯಾಗ ಕಳದೀಯಲ್ಲ ನೀನು!"

ತುಳಸಾ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಖೈರುನಬಿ ಚಿಗವ್ವ ಬರೂತನಕ ನಾ ಬಳಿ ತೊಡಸ್ಕೊಳ್ಳಂಗಿಲ್ಲ" ಅಂದಳು. ಬಸುರಿಯ ಮಾತು, ಯಾರು ಮೀರುತ್ತಾರೆ? ಖೈರುನಬಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದು, ನಡೆದದ್ದು ಹೇಳಿ ಬಾ ಅಂದೆ. ಖೈರುನಬಿ ಎಲ್ಲ ಕೇಳಿಸಿಕೊಂಡು, "ಸಾವಂತ್ರಕ್ಕ ಅದಾರೇನು ಅಲ್ಲಿ? ಅವರ ಬಾಯಲೆ ಕೇಳಬೇಕು ನಾನು" ಅಂದಳು.

ಅವ್ವ ಗೋಡೆ ನೋಡಿದಳು, ಸೂರು ನೋಡಿದಳು. ಹೊಟ್ಟೆ ಹಸಿದ ಹೆಂಗಸರು ಅವಳನ್ನೇ ನೋಡುತ್ತಿದ್ದರು. ಕಡೆಗೆ, "ಅಳತಿ ತಪ್ಪಿತ್ತು. ನಿನ್ನ ಕೈ ಅಲ್ಲ" ಅಂದಳು.

"ಕೇಳಸಲಿಲ್ರಿ."

"ನಿನ್ನ ಕೈ ಅಲ್ಲ ಅಂದೆನಲ್ಲ!" ಅವ್ವ ಕಿರುಚಿದಳು.

ಎರಡು ತಾಸಿಗೆ ಖೈರುನಬಿ ಚೀಲ ಹೊತ್ತುಕೊಂಡು ಬಸ್ಸಿಳಿದು ಬಂದಳು. ತುಳಸಾಳ ಹೆಬ್ಬೆರಳಿನ ಬುಡದ ಕಲೆಯನ್ನು ಸವರಿ ನೋಡಿ, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಡಿಸಿದಳು. ಒಂದೂ ಒಡೆಯಲಿಲ್ಲ. ದೇವವ್ವ ತಗಡಿನ ಬಳೆಯ ಡಬ್ಬಿಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿ ತಾನೇ ಮೊದಲು ಕೈ ಕೊಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕೊಟ್ಟರು. ಖೈರುನಬಿ ಅಳತೆ ಹೇಳುವಳು, ತೊಡಿಸುವಳು. ಪಲ್ಯದ ಮಾತು ಮಾತ್ರ ಯಾರನ್ನೂ ಕೇಳಲಿಲ್ಲ.

ಎಲ್ಲರದೂ ಮುಗಿದ ಮೇಲೆ ಅವ್ವ ಮುಂದೆ ಬಂದು ಕೂತು, "ಹಾಕವಾ, ಹಳೇದೆಲ್ಲ ಬಿಡು" ಅಂತ ಕೈ ಚಾಚಿದಳು. ಮೂವತ್ತು ವರ್ಷ ಆ ಕೈಗೆ ಬಳೆ ಹಾಕಿದವಳು ಖೈರುನಬಿ. ಕೈಯನ್ನು ನೋಡಿದಳು, ಮುಟ್ಟಲಿಲ್ಲ. ಉಳಿದ ಬಳೆಗಳನ್ನು ಚೀಲಕ್ಕೆ ಹಾಕಿ ದಾರ ಬಿಗಿದಳು.

"ನಿಮಗ ಮೊಬೈಲದಾಗ ಅಗ್ಗ ಸಿಗತಾವಲ್ರೀ ಅಕ್ಕಾ" ಅಂದಳು. "ತೊಡಸಾಕೂ ಅವರನ್ನ ಕರೀರಿ."

ಎದ್ದು ಚಪ್ಪಲಿ ಮೆಟ್ಟಿ, ಗದಗಿನ ಬಸ್ಸು ಎಷ್ಟೊತ್ತಿಗೆ ಅಂತ ಬಾಗಿಲಲ್ಲಿ ನಿಂತವರನ್ನು ಕೇಳಿಕೊಂಡು ಹೊರಟೇ ಹೋದಳು. ಅವ್ವನ ಕೈ ಇನ್ನೂ ಚಾಚಿದಂತೆಯೇ ಇತ್ತು.