ಉಗುರಿನ ಅರದಿಂದ ಕೂರಿಸಿದ ಮೆಮೊರಿ ಬೋರ್ಡ್

ಈಗಲೂ ಕುಕ್ಕರ್ ಸೀಟಿ ಹೊಡೆದರೆ ನಾನು ಮೇಜಿನ ಕೆಳಗೆ ಕೂರುತ್ತೇನೆ. ಇಂಜಿನಿಯರಿಂಗ್ ಓದಿದವನು ಹೀಗೆ ಮಾಡಬಾರದು, ಗೊತ್ತು.

ಕಿದ್ವಾಯಿ ನಗರದ ನನ್ನ ಚಿಕ್ಕಪ್ಪ ಸರ್ಕಾರಿ ನೌಕರರು. ಅವರ ಕಚೇರಿ ಹಳೆಯ ಮಿನಿಕಂಪ್ಯೂಟರೊಂದನ್ನು ಗುಜರಿಗೆ ಹಾಕಿದಾಗ, ಅದನ್ನು ಕ್ವಾರ್ಟರ್ಸ್‌ಗೆ ತಂದು ಹಾಲ್‌ನಲ್ಲಿ ನಿಲ್ಲಿಸಿಕೊಂಡರು. ಹೆಸರಿಗೆ ಮಿನಿ, ಎತ್ತರ ನನ್ನ ಎದೆಯವರೆಗೆ, ತೂಕ ಎಮ್ಮೆಯಷ್ಟು. ಮೆಮೊರಿ ಬೋರ್ಡ್ ಕೆಟ್ಟಿದ್ದರಿಂದ ಮನೆಗೆ ಬಂದ ಮೇಲೆ ಒಂದು ದಿನವೂ ಓಡಿರಲಿಲ್ಲ. ಚಿಕ್ಕಮ್ಮ ಕೊನೆಯ ಮಾತು ಹೇಳಿಬಿಟ್ಟರು: ಭಾನುವಾರ ಓಡದಿದ್ದರೆ ಕಬಾಡಿಗೆ, ಗುಜರಿಯವನಿಗೆ. ಆ ಭಾನುವಾರ ಗುಜರಿಯ ಭಯ್ಯಾ ತಕ್ಕಡಿ ಹಿಡಿದು ಬಾಗಿಲಲ್ಲೇ ನಿಂತಿದ್ದ.

ಚಿಕ್ಕಪ್ಪ ನೆಹರೂ ಪ್ಲೇಸಿನ ಕಂಪ್ಯೂಟರ್ ಅಂಗಡಿಗಳಲ್ಲಿ ಹುಡುಕಿ ತಂದ ಬೋರ್ಡು ಬೇರೆ ಕಂಪನಿಯದು. ಉದ್ದ, ಅಗಲ ಸರಿ. ಅಂಚಿನಲ್ಲಿದ್ದ ಕಚ್ಚು ಮಾತ್ರ ಒಂದು ಬೆರಳು ಆಚೆ. ಸ್ಲಾಟಿನಲ್ಲಿ ಕೂರಲಿಲ್ಲ.

"ಚಿಕ್ಕಪ್ಪ, ಕಚ್ಚು ಬೇರೆ ಕಡೆ ಇದೆ ಅಂದ್ರೆ ಕರೆಂಟ್ ಬರೋ ಪಿನ್ನೂ ಬೇರೆ. ಯಾರೂ ಹಾಕ್ಬಾರ್ದು ಅಂತಲೇ ಹಾಗೆ ಮಾಡಿರ್ತಾರೆ," ಎಂದೆ.

"ಮೆಟ್ರೋ ಸೀಟಲ್ಲಿ ಒಬ್ಬರು ಜಾಸ್ತಿ ಕೂರಲ್ವೇನೋ? ಚೂರು ಜಾಗ ಮಾಡಿಕೊಟ್ರಾಯ್ತು!" ಎಂದ ಚಿಕ್ಕಪ್ಪ, ಚಿಕ್ಕಮ್ಮನ ಉಗುರು ಉಜ್ಜುವ ಅರದಿಂದ ಹೊಸ ಕಚ್ಚನ್ನೇ ಕೊರೆದರು. ಬೋರ್ಡು ಕೂತಿತು. "ಓದಿದವನು ನೀನು. ಸ್ವಿಚ್ ನೀನೇ ಹಾಕು."

ನಾನದನ್ನು ಗೌರವ ಅಂದುಕೊಂಡೆ. ಹಾಕಿದೆ.

ಫಟ್! ತೊಗರಿಬೇಳೆ ಗಾತ್ರದ್ದೇನೋ ಸಿಡಿದು ನನ್ನ ಕಿವಿಯ ಪಕ್ಕದಲ್ಲೇ ಹಾದು, ತಕ್ಕಡಿಗೆ ಟಣ್ ಎಂದು ಬಡಿಯಿತು. ಇನ್ನೊಂದು ಮೇಜಿನ ಮೇಲಿದ್ದ ಉಪ್ಪಿಟ್ಟಿನೊಳಗೆ ಹೋಯಿತು. ಹಾಲ್ ತುಂಬ ಹೊಗೆ. ನಾನು ಸೋಫಾದ ಹಿಂದೆ ಹಾರಿದೆ. ಅಲ್ಲಿ ಚಿಕ್ಕಪ್ಪ ಮೊದಲೇ ಇದ್ದರು. ಚಿಕ್ಕಮ್ಮ ಬಂದು ಮೇನ್ ಸ್ವಿಚ್ ಆರಿಸಿದರು.

"ಇಬ್ರೂ ವಿಜ್ಞಾನಿಗಳು ಹೊರಗೆ ಬನ್ನಿ. ಭಯ್ಯಾ, ಲೇ ಜಾವೋ ಇಸೇ!" ಯಂತ್ರವನ್ನು ಒಯ್ಯುವಂತೆ ಕೈ ತೋರಿಸಿದರು.

ಭಯ್ಯಾ ತಕ್ಕಡಿ ಎದೆಗವಚಿಕೊಂಡು ಆಗಲೇ ಮೆಟ್ಟಿಲಿಳಿಯುತ್ತಿದ್ದ. "ನಹೀ ಮಾತಾಜಿ! ಹಮ್ ಲೋಹಾ ಲೇತೇ ಹೈಂ, ಬಮ್ ನಹೀ!" ಕಬ್ಬಿಣವಾದರೆ ಒಯ್ಯುತ್ತಾನಂತೆ, ಬಾಂಬ್ ಒಯ್ಯುವುದಿಲ್ಲವಂತೆ.

ಅವನು ಕಾಲೋನಿಗೆಲ್ಲ ಸುದ್ದಿ ಹಬ್ಬಿಸಿರಬೇಕು. ಇಂದಿಗೂ ಗುಜರಿಯವರು ಯಾರೂ ಆ ಮಹಡಿ ಹತ್ತುವುದಿಲ್ಲ. ಹೀಗಾಗಿ ಯಂತ್ರ ಉಳಿದುಕೊಂಡಿತು. ಚಿಕ್ಕಮ್ಮ ಅದರ ಮೇಲೆ ಮನಿಪ್ಲಾಂಟ್ ಇಟ್ಟಿದ್ದಾರೆ, ಅರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಚಿಕ್ಕಪ್ಪ ಮತ್ತೊಂದು ಬೋರ್ಡ್ ತಂದಿದ್ದಾರೆ. ಇದರ ಕಚ್ಚು ಸರಿಯಾದ ಕಡೆಗೇ ಇದೆಯಂತೆ. ಸ್ವಿಚ್ ಹಾಕಲು ಮಾತ್ರ ನಾನೇ ಬೇಕಂತೆ. ನಾನು ದೂರದ ಇಂದಿರಾಪುರಂನ ನನ್ನ ಮನೆಯಿಂದ, ಫೋನಿನಲ್ಲೇ, ಧೈರ್ಯ ಹೇಳುತ್ತಿದ್ದೇನೆ.