ಮೀನಿನ ಪ್ರಶ್ನೆಗೆ ಕೃಪಾಂಕ

ಗೆಳೆಯರೇ, ಇಪ್ಪತ್ತು ವರ್ಷ ಪಾಠ ಮಾಡಿದ ನನ್ನ ಪ್ರಶ್ನೆಪತ್ರಿಕೆಯಲ್ಲೇ ಇವತ್ತು ತಪ್ಪು ಸಿಕ್ಕಿತು.

ಕುಂದಾಪುರದ ನಮ್ಮ ಕಾಲೇಜಿನಲ್ಲಿ ಆನ್‌ಲೈನ್ ಪಾಠದ ತರಬೇತಿಯಿತ್ತು. ಅಧ್ಯಾಪಕರು, ವಿದ್ಯಾರ್ಥಿಗಳು ಒಟ್ಟಿಗೇ ಕೂತಿದ್ದೆವು. ಮೊಬೈಲಿನಲ್ಲಿ ಕಿರುಪರೀಕ್ಷೆ ತಯಾರಿಸಿ ಪಕ್ಕದವರಿಗೆ ಕಳಿಸಬೇಕಿತ್ತು. ನನ್ನ ಪಕ್ಕ ಹಂಗಾರಕಟ್ಟೆಯಿಂದ ಬರುವ ಅಂತಿಮ ಬಿ.ಕಾಂ.ನ ರಕ್ಷಿತಾ. ನಾನು ಮೀನು ತಿನ್ನುವವನಲ್ಲ. ಆದರೂ ಮಕ್ಕಳಿಗೆ ಖುಷಿಯಾಗಲಿ ಎಂದು 'ಇವತ್ತು ನಿಮ್ಮ ಮನೆಯಲ್ಲಿ ಯಾವ ಮೀನು?' ಎಂದು ಕೇಳಿದೆ. ಬಂಗುಡೆ, ಕಾಣೆ, ಅಂಜಲ್, ಚಟ್ಲಿ ಎಂದು ನಾಲ್ಕು ಆಯ್ಕೆ ಕೊಟ್ಟು, ಉತ್ತರ ಕಡ್ಡಾಯ ಎಂದೂ ಹಾಕಿದೆ. ಲಿಂಕು ರಕ್ಷಿತಾಗೆ ಹೋಗುವ ಬದಲು ಇಡೀ ತರಗತಿಯ ವಾಟ್ಸಾಪ್ ಗುಂಪಿಗೆ ಹೋಯಿತು.

ಒಂದೇ ನಿಮಿಷದಲ್ಲಿ ಮೊಬೈಲು ಕುಣಿಯತೊಡಗಿತು. ಎಲ್ಲರದ್ದೂ ಒಂದೇ ತಕರಾರು.

"ಸರ್, ಇವತ್ತ್ ಸೋಮವಾರ ಅಲ್ದಾ?" ಎಂದಳು ರಕ್ಷಿತಾ. "ನಮ್ಮಪ್ಪಯ್ಯ ದೋಣಿಯಗೆ ಮೀನಿಗ್ ಹೋಪುದ್. ಆದ್ರೂ ನಮ್ಮನೆಯಗೆ ಸೋಮವಾರ ಮೀನ್ ತಿಂಬುದಿಲ್ಲೆ. ಇದ್ರಗೆ ಸರಿ ಉತ್ತರವೇ ಇಲ್ಲೆ."

"ಯಾವ್ದಾದ್ರೂ ಒಂದ್ ಒತ್ತ್ ಮಾರಾಯ್ತಿ."

"ಸೋಮವಾರ ದಿವ್ಸ ಸುಳ್ಳ್ ಹೇಳೂದಾ ಸರ್?"

ಮೂರು ತಿಂಗಳಿಂದ ನನ್ನ ಆನ್‌ಲೈನ್ ಅರ್ಥಶಾಸ್ತ್ರದ ತರಗತಿಯಲ್ಲಿ ಏನು ಕೇಳಿದರೂ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ಊಟಕ್ಕೆ ಮೊದಲೇ ಇಡೀ ತರಗತಿ ಜಗಳಕ್ಕೆ ನಿಂತಿತ್ತು. ತರಬೇತಿ ಕೊಡಲು ಬಂದವರು ನನ್ನ ಮೊಬೈಲನ್ನು ಎತ್ತಿ ಹಿಡಿದು, "ಮಕ್ಕಳನ್ನು ತೊಡಗಿಸಿಕೊಳ್ಳುವುದೆಂದರೆ ಹೀಗೆ" ಎಂದು ಎಲ್ಲರಿಗೂ ತೋರಿಸಿದರು. ನಾನೂ ಸುಮ್ಮನೆ ಹೊಗಳಿಸಿಕೊಂಡೆ.

ಪ್ರಶ್ನೆಯೇ ತಪ್ಪಾದರೆ ಎಲ್ಲರಿಗೂ ಕೃಪಾಂಕ ಕೊಡಬೇಕಲ್ಲ, ಕೊಟ್ಟೆ. ಮರುಪರೀಕ್ಷೆ ನಾಳೆ ಮಂಗಳವಾರ.