ಮೋಟಾರ್ ಶೆಡ್ಡಿನ ಭರಣಿಗಳು

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಒಂದು ಕರಿಯ ಗೆರೆ. ಸೀಗೆಕಾಯಿ, ಬೂದಿ, ನಿಂಬೆಹೋಳು, ಯಾವುದಕ್ಕೂ ಅದು ಬಗ್ಗುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಬಿಳಿಯ ಹಿಟ್ಟಿನ ಮೇಲೆ ಆ ಬೆರಳು ಎದ್ದು ಕಾಣುತ್ತಿತ್ತು. ಮನೆಗೆ ಮಂದಿ ಬಂದ ದಿನ ಅವ್ವ ಅವಳನ್ನು ಬಡಿಸಲು ಕರೆಯುತ್ತಿರಲಿಲ್ಲ. ವಿಧವೆ ಎಂಬುದು ಒಂದು ಕಾರಣ, ಆ ಬೆರಳು ಇನ್ನೊಂದು.

ಅತ್ತೆ ನನ್ನ ತಂದೆಯ ಅಕ್ಕ. ಅವಳ ಗಂಡ ಧಾರವಾಡದಿಂದ ಮುಗದದ ಕಡೆಗೆ ಮಂದಿ ಒಯ್ಯುವ ಸರ್ವಿಸ್ ಮೋಟಾರು ಇಟ್ಟಿದ್ದರು. ವಿಷಮಜ್ವರ ಬಂದು ತೀರಿಕೊಂಡರು. ಮೋಟಾರನ್ನು ಅವರಲ್ಲೇ ದುಡಿಯುತ್ತಿದ್ದ ಮುಸಲ್ಮಾನ ಡ್ರೈವರ್ ಕೊಂಡರು. ಅವರನ್ನು ನಾವು ಡ್ರೈವರ್ ಕಾಕಾ ಎನ್ನುತ್ತಿದ್ದೆವು. ಅತ್ತೆ ಧಾರವಾಡದ ತವರಿಗೆ ಬಂದಳು. ಬರುವಾಗ ತಂದದ್ದು ಎರಡು ಸೀರೆ, ಒಂದು ಲಿಂಗಪೂಜೆಯ ಪೆಟ್ಟಿಗೆ ಮತ್ತು ನಾಲ್ಕು ಗೋಣಿಚೀಲ ತುಂಬ ಕಬ್ಬಿಣ. ಗಂಡನ ಮೋಟಾರಿನ ಬಿಡಿ ಸಾಮಾನು: ನಟ್ಟು, ಬೋಲ್ಟು, ವಾಶರು, ಮೊಳೆ, ಸ್ಪ್ರಿಂಗು.

ಅವ್ವ ಬಾಗಿಲಲ್ಲೇ ಕೇಳಿದಳಂತೆ: "ಅಕ್ಕಾರ, ಬಂಗಾರ ಎಲ್ಲಾ ಅಲ್ಲೇ ಬಿಟ್ಟು ಈ ಜಂಗ್ ಹತ್ತಿದ್ದು ಯಾಕ ತಂದ್ರಿ?"

"ಬಂಗಾರ ಅವರ ಮನೀದು. ಇದು ನಂದು," ಅಂದಳಂತೆ ಅತ್ತೆ.

ನಮ್ಮದು ಹತ್ತಿ ವ್ಯಾಪಾರದ ಮನೆ. ಅಪ್ಪನ ಮೋಟಾರು ಎರಡನೆಯ ಮಹಾಯುದ್ಧ ಶುರುವಾದೊಡನೆ ಮಾರಿಹೋಗಿತ್ತು. ಮನೆಯ ಪಕ್ಕದ ತಗಡಿನ ಶೆಡ್ಡು ಮಾತ್ರ ಉಳಿದಿತ್ತು. ಅರ್ಧ ಶೆಡ್ಡಿನಲ್ಲಿ ಎತ್ತುಗಳಿಗೆಂದು ಹತ್ತಿಕಾಳಿನ ರಾಶಿ. ಉಳಿದರ್ಧದಲ್ಲಿ ಅತ್ತೆ ತನ್ನ ಸಂಸಾರ ಹೂಡಿದಳು.

ಅವಳಿಗೆ ಓದು ಬರುತ್ತಿರಲಿಲ್ಲ. ಇಂಚಿನ ಲೆಕ್ಕ ಗೊತ್ತಿರಲಿಲ್ಲ. ಕಾಳು ಹಸನು ಮಾಡುವುದು ಗೊತ್ತಿತ್ತು. ಜೋಳದ ಜರಡಿಯಲ್ಲಿ ಒಂದು ಸಲ, ಕಡಲೆಯ ಜರಡಿಯಲ್ಲಿ ಒಂದು ಸಲ ಕಬ್ಬಿಣವನ್ನು ಜಾಲಾಡುವಳು. ಆಮೇಲೆ ಮೊರದಲ್ಲಿ ಹರವಿಕೊಂಡು ಒಂದೊಂದೇ ನಟ್ಟನ್ನು ಬೋಲ್ಟಿಗೆ ಹಚ್ಚಿ ನೋಡುವಳು. "ಬೆರಳಿಗೆ ತಿರುಗಿದ್ರ ಅದರ ಜೋಡಿ. ತಿರುವಾಕ ಪಾನಾ ಕೇಳ್ತಂದ್ರ ಬ್ಯಾರೇ ಮನೀದು, ಕಳಸು ಅದನ್ನ," ಎನ್ನುವಳು. ಹೀಗೆ ಬೇರ್ಪಟ್ಟವಕ್ಕೆ ಔಡಲೆಣ್ಣೆ ಸವರಿ, ಅಂಚು ಮುಕ್ಕಾದ ಉಪ್ಪಿನಕಾಯಿ ಭರಣಿಗಳಲ್ಲಿ ತುಂಬುವಳು. ಒಳಗೆ ಏನಿದೆಯೋ ಅದರದೇ ಒಂದನ್ನು ದಾರದಿಂದ ಭರಣಿಯ ಕುತ್ತಿಗೆಗೆ ಕಟ್ಟುವಳು. ಗೋಧಿ ನಟ್ಟು, ಕಡ್ಲಿ ನಟ್ಟು, ಅವರಿ ನಟ್ಟು, ಅಡಕಿ ಬೋಲ್ಟು, ಇವು ಅವಳು ಇಟ್ಟ ಹೆಸರು. ಕುರುಡನೂ ಬಂದು ಕುತ್ತಿಗೆ ಮುಟ್ಟಿ ತನಗೆ ಬೇಕಾದುದನ್ನು ಒಯ್ಯಬಹುದಿತ್ತು.

"ಒರಸಿ ಇಡು, ಇದ್ದಲ್ಲೇ ಇಡು." ದಿನಕ್ಕೆ ಹತ್ತು ಸಲ ಈ ಮಾತು. ನಾನು ಮುಂದೆ ಶಾಲೆಯ ಮುಖ್ಯಾಧ್ಯಾಪಕಿಯಾದೆ. ನನ್ನ ಶಾಲೆಯಲ್ಲಿ ಸೀಮೆಸುಣ್ಣದ ಕಡ್ಡಿಯಿಂದ ಗಂಟೆಯ ಕೊಡತಿಯವರೆಗೆ ಎಲ್ಲಕ್ಕೂ ಒಂದು ಜಾಗವಿತ್ತು. ಬಂದ ಇನ್‌ಸ್ಪೆಕ್ಟರುಗಳು ಹೊಗಳುತ್ತಿದ್ದರು. ಎಲ್ಲಿ ಕಲಿತಿರಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ? ಗೊತ್ತಿಲ್ಲ.

ಯುದ್ಧದಿಂದಾಗಿ ಹೊಸ ಸಾಮಾನು ಅಂಗಡಿಗೆ ಬರುವುದೇ ನಿಂತಿತ್ತು. ಡ್ರೈವರ್ ಕಾಕಾನ ಮೋಟಾರು ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನ ಮೇಲೆ ಕೆಮ್ಮುತ್ತ ಓಡುತ್ತಿತ್ತು. ವಾರಕ್ಕೊಮ್ಮೆಯಾದರೂ ಅವರು ಶೆಡ್ಡಿನ ಹೊರಗೆ ನಿಂತು ಕೂಗುವರು: "ಅಕ್ಕಾರ, ಒಂದು ಅವರಿ ಬೇಕಾಗೇತ್ರಿ!"

"ಮೊನ್ನೇನ ಒಯ್ದೆಲ್ಲೋ. ಮೋಟಾರ್ ಓಡಸ್ತೀಯೋ, ತಿಂತೀಯೋ?"

"ನಿಮ್ಮ ಮೋಟಾರ ತಿಂತೈತ್ರಿ. ನಾ ಏನ ಮಾಡ್ಲಿ?"

ನಿಮ್ಮ ಮೋಟಾರು ಎನ್ನುತ್ತಿದ್ದರು ಅವರು, ಕೊನೆಯವರೆಗೂ. ಅತ್ತೆ ಒಂದು ಬೋಲ್ಟಿಗೂ ದುಡ್ಡು ಮುಟ್ಟಲಿಲ್ಲ. ಕಾಕಾನನ್ನು ನೋಡಿ ಬೇರೆ ಡ್ರೈವರುಗಳೂ ಬರತೊಡಗಿದರು. ಅವ್ವನ ಸಂಕಟ ಹೆಚ್ಚಿತು. ವ್ಯಾಪಾರಸ್ಥರ ಮನೆಯ ರಂಡೆಮುಂಡೆ ಗುಜರಿ ಅಂಗಡಿ ಇಟ್ಟಿದ್ದಾಳೆ ಎಂದು ಓಣಿಯಲ್ಲಿ ಯಾರೋ ಅಂದರಂತೆ. ಅಪ್ಪ ತಲೆ ತಗ್ಗಿಸಿಕೊಂಡು ಶೆಡ್ಡಿನ ಮುಂದೆ ಹಾಯುತ್ತಿದ್ದರು.

ಆಗ ಹುಬ್ಬಳ್ಳಿಯ ಒಂದು ಮನೆತನದವರು ನನ್ನನ್ನು ನೋಡಲು ಬರುತ್ತೇವೆ ಎಂದು ಹೇಳಿಕಳುಹಿಸಿದರು. ದೊಡ್ಡ ಮನೆತನ. ಹುಡುಗ ಓದಿದವನು, ನನ್ನ ಓದು ಬಿಡಿಸುವುದಿಲ್ಲ ಎಂದಿದ್ದರು. ನನಗೂ ಈ ಸಂಬಂಧ ಆಗಲಿ ಎಂಬ ಆಸೆ ಇತ್ತು.

ಅವರು ಬರುವ ದಿನ ಬೆಳಿಗ್ಗೆ ಅತ್ತೆಯನ್ನು ಮುಗದದ ನೆಂಟರ ಮನೆಗೆ ಕಳಿಸಿದರು. ಶುಭಕಾರ್ಯದಲ್ಲಿ ಅವಳು ಎದುರಿಗೆ ಇರಬಾರದೆಂಬುದು ಹೇಳಿದ ಕಾರಣ. ಕಾಕಾನ ಮೋಟಾರಿನಲ್ಲಿ ಅವಳು ಹೋದದ್ದೇ ತಡ, ಅಪ್ಪ ಆಳುಗಳನ್ನು ಕರೆದು ಭರಣಿಗಳನ್ನೆಲ್ಲ ಗೋಣಿಚೀಲಗಳಿಗೆ ಸುರಿಸಿದರು. ಗೋಧಿ, ಕಡ್ಲಿ, ಅವರಿ, ಅಡಕಿ ಎಲ್ಲ ಒಂದಾಯಿತು. ಚೀಲಗಳನ್ನು ಹತ್ತಿಕಾಳಿನ ರಾಶಿಯಲ್ಲಿ ಹೂಳಿದರು. ಖಾಲಿ ಭರಣಿಗಳು ಅಡುಗೆಮನೆಯ ಅಟ್ಟ ಸೇರಿದವು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕಬ್ಬಿಣ ಸುರಿಯುವ ಸದ್ದು ಬಹಳ ಹೊತ್ತು ಬಂತು.

ಬೀಗರು ಬೆಳಿಗ್ಗೆ ಬರಬೇಕಾದವರು ಮಧ್ಯಾಹ್ನ ತಿರುಗಿದ ಮೇಲೆ ಬಂದರು. ಬಂದ ಮೋಟಾರು ನಮ್ಮ ಬಾಗಿಲ ಗಟಾರು ದಾಟುವಾಗ ದಡಕ್ಕೆಂದು ಕುಸಿಯಿತು. ಸ್ಪ್ರಿಂಗಿನ ಪಟ್ಟಿಯನ್ನು ಹಿಡಿದಿದ್ದ ಬೋಲ್ಟು ತುಂಡಾಗಿತ್ತು. ನನ್ನನ್ನು ನೋಡಿದ್ದಾಯಿತು, ಉಪ್ಪಿಟ್ಟು ಚಹಾ ಆಯಿತು. ಹೊರಡುವ ಹೊತ್ತಿಗೆ ಅವರ ಡ್ರೈವರ್ ಪಡಸಾಲೆಯ ಮೆಟ್ಟಿಲ ಬಳಿ ಬಂದು ಅಪ್ಪನಿಗೆ ಕೈಮುಗಿದ.

"ಸಾವಕಾರ್ರ, ಭರಣ್ಯಾಗ ಬೋಲ್ಟ್ ಇಡೂ ಅಕ್ಕಾರ ಮನಿ ಇದ ಹೌದಲ್ರಿ? ಹುಬ್ಬಳ್ಳಿ ಡ್ರೈವರ್ ಮಂದಿ ಎಲ್ಲಾ ಹೇಳ್ತಾರ. ಒಂದು ಅಡಕಿ ಸಿಕ್ಕರ ಕೆಲಸ ಆಕೈತ್ರಿ."

ಅಪ್ಪ ಮೆಟ್ಟಿಲಿಗೆ ಅಡ್ಡ ಬಂದು ನಿಂತರು. ಹುಡುಗನ ತಂದೆ ಮಾತ್ರ ಖುಷಿಯಿಂದ ಎದ್ದರು. "ಭರಣ್ಯಾಗ ಬೋಲ್ಟ? ಭಾಳ ಛಲೋ ಆತಲ್ಲ! ತೋರಸ್ರಿ ನೋಡೋಣು."

ತಡೆಯಲು ಆಗಲಿಲ್ಲ. ಶೆಡ್ಡಿನಲ್ಲಿ ಖಾಲಿ ಹಲಗೆಗಳು. ಹಲಗೆಯ ಮೇಲೆ ಭರಣಿಗಳ ಗುಂಡನೆಯ ಎಣ್ಣೆಗುರುತು. ಅಪ್ಪ ಏನೋ ತೊದಲಿದರು. ಆಳು ಹತ್ತಿಕಾಳಿನಿಂದ ಒಂದು ಚೀಲ ಎಳೆದ. ಅದರ ಬಾಯಿ ಬಿಚ್ಚಿ ಕಬ್ಬಿಣವೆಲ್ಲ ನೆಲಕ್ಕೆ ಹರಿಯಿತು. ಔಡಲೆಣ್ಣೆಗೆ ಹತ್ತಿಯ ನವಿರು ಮೆತ್ತಿಕೊಂಡು ಒಂದೊಂದು ಬೋಲ್ಟೂ ಬೂಸರು ಬಂದ ಉಪ್ಪಿನಕಾಯಿ ಹೋಳಿನಂತೆ ಕಾಣುತ್ತಿತ್ತು.

ಅದೇ ಹೊತ್ತಿಗೆ ಕಾಕಾನ ಮೋಟಾರು ಬಂದು ನಿಂತಿತು. ಅತ್ತೆ ಇಳಿದಳು. ಹಿಂದೆ ಅವಳ ಗಂಟು ಹಿಡಿದುಕೊಂಡು ಕಾಕಾ. ಶೆಡ್ಡಿನ ಬಾಗಿಲಲ್ಲಿ ಅವಳು ನಿಂತಳು. ನೆಲ ನೋಡಿದಳು. ಹಲಗೆ ನೋಡಿದಳು. ಕೊನೆಗೆ ಅಪ್ಪನನ್ನು ನೋಡಿದಳು. ಅಪ್ಪ ನೋಡಲಿಲ್ಲ.

"ಯಾರು ಹಿಂಗ ಕೂಡಿಸಿದವರು?" ಎಂದರು ಹುಡುಗನ ತಂದೆ, ನಗುತ್ತಲೇ.

ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬಲಗೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಳು. "ನಾನರಿ ಯಜಮಾನರ. ಧೂಳಾಗಿತ್ತು, ಸ್ವಚ್ಛ ಮಾಡೂಣಂತ ಎಲ್ಲಾ ಚೀಲಕ್ಕ ಸುರುವಿದೆ. ಹೊಳ್ಳಿ ಭರಣಿಗೆ ಹಾಕೂದು ಮರತ ಬಿಟ್ಟೆ. ವಯಸ್ಸಾತು ನೋಡ್ರಿ, ತಲೀ ನಿಲ್ಲೂದಿಲ್ಲ. ನನ್ನ ತಮ್ಮಗ ಇದೇನೂ ಗೊತ್ತಿಲ್ಲ."

ಕಾಕಾ ಗಂಟನ್ನು ಕೆಳಗಿಟ್ಟರು. "ಏ ಅಕ್ಕಾರ, ನೀವು ಮರೆಯೂದಂದ್ರ..."

"ನಿನ್ನ ಮೋಟಾರಿನ ಒಲಿ ಆರತೈತಿ. ಹೋಗು ನೀ," ಎಂದಳು ಅತ್ತೆ. ಅಂಥ ಬಿರುಸಿನ ದನಿಯಲ್ಲಿ ಅವಳು ಅವರಿಗೆ ಎಂದೂ ಮಾತನಾಡಿರಲಿಲ್ಲ.

ಆ ರಾಶಿಯಲ್ಲಿ ಅಂದು ಬೋಲ್ಟು ಸಿಗಲಿಲ್ಲ. ಬೀಗರು ಟಾಂಗಾ ಮಾಡಿಕೊಂಡು ಸ್ಟೇಷನ್ನಿಗೆ ಹೋಗಿ ರೈಲಿನಲ್ಲಿ ಹುಬ್ಬಳ್ಳಿ ಸೇರಿದರು. ಹೋಗುವಾಗ ಹುಡುಗನ ತಂದೆ, "ಮರವು ಎಲ್ಲಾರಿಗೂ ಇರತೈತಿ ಬಿಡ್ರಿ ಅಕ್ಕಾರ," ಎಂದು ಅವಳನ್ನೇ ಸಮಾಧಾನ ಮಾಡಿದರು.

ಮರುದಿನ ಬೆಳಿಗ್ಗೆ ಅತ್ತೆ ಶೆಡ್ಡಿನ ನೆಲದ ಮೇಲೆ ಕೂತು ಚಿಂದಿಯಿಂದ ಹತ್ತಿ ಒರೆಸುತ್ತಿದ್ದಳು. ಅಪ್ಪ ಅಂಗಡಿಗೆ ಹೋಗಲಿಲ್ಲ. ಬಂದು ಅವಳೆದುರು ಕೂತರು, ಜರಡಿ ಎತ್ತಿಕೊಂಡರು.

"ಜರಡಿ ಹಂಗ ಹಿಡೀತಾರೇನೋ? ಪಂಚಾಂಗ ಓದಾಕತ್ತಿಯೇನು?"

"ಅಕ್ಕಾ..." ಎಂದರು ಅಪ್ಪ. ಮುಂದಿನ ಮಾತು ಹೊರಡಲಿಲ್ಲ.

"ಆ ಕಡ್ಲಿ ಭರಣಿ ಇತ್ತಾಗ ಕೊಡು," ಎಂದಳು ಅತ್ತೆ.

ಆ ಮಾತು ಮುಂದೆಯೂ ಹೊರಡಲಿಲ್ಲ. ಅಡಕಿ ಬೋಲ್ಟು ಸಿಕ್ಕಿತು, ಬೀಗರ ಮೋಟಾರು ತನ್ನ ಗಾಲಿಗಳ ಮೇಲೆಯೇ ಊರಿಗೆ ಹೋಯಿತು, ನನ್ನ ಮದುವೆಯೂ ಅದೇ ಮನೆಗೆ ಆಯಿತು. "ಪುಣ್ಯಾ, ಮರ್ಯಾದಿ ಉಳೀತು," ಎಂದಳು ಅವ್ವ. ಯಾರದು ಉಳಿಯಿತು, ಯಾರದು ಹೋಯಿತು ಎಂದು ನಮ್ಮ ಮನೆಯಲ್ಲಿ ಯಾರೂ ಬಿಡಿಸಿ ನೋಡಲಿಲ್ಲ.

ಹುಬ್ಬಳ್ಳಿಯಲ್ಲಿ ನನ್ನ ಮಾವನವರಿಗೆ ಆ ಪ್ರಸಂಗ ಬಹಳ ಹಿಡಿಸಿತ್ತು. ಯಾರಾದರೂ ಕೀಲಿಕೈ ಮರೆತರೆ, ಹಾಲು ಉಕ್ಕಿಸಿದರೆ, "ಏನು, ಧಾರವಾಡದ ಅತ್ತಿ ಆದ್ಯೇನು?" ಎನ್ನುವರು. ಕೆಟ್ಟ ಮನಸ್ಸಿಲ್ಲ, ಪ್ರೀತಿಯೇ. ಮನೆಯೆಲ್ಲ ನಗುವುದು. ನಾನು ತಾಟಿನ ಕಡೆ ನೋಡುತ್ತ ಕೂರುತ್ತಿದ್ದೆ.

ಪಂಚಮಿಗೆ ತವರಿಗೆ ಹೋದಾಗ ಅತ್ತೆಗೆ ಇದನ್ನು ಹೇಳಿದೆ. ಮಾವನವರಿಗೆ ನಿಜ ತಿಳಿಸಿಬಿಡುತ್ತೇನೆ ಎಂದೆ.

ಅವಳು ನಟ್ಟು ಹಚ್ಚುತ್ತಿದ್ದ ಕೈ ನಿಲ್ಲಿಸಲಿಲ್ಲ. "ಏನಂತ ತಿಳಸ್ತಿ? ನಮ್ಮಪ್ಪ ಒಡಹುಟ್ಟಿದಾಕೀನ ಮುಚ್ಚಿಟ್ಟ ಅಂತೇನು? ಆಮ್ಯಾಲೆ ಆ ಮನ್ಯಾಗ ನೀ ಹೆಂಗ ಅಡ್ಡಾಡತಿ? ಬ್ಯಾಡವ್ವಾ. ನಗೋರು ನಗಲಿ. ನಿಮ್ಮಪ್ಪ ಇರೂ ತನಕ ಬಾಯಿ ಬಿಡಬ್ಯಾಡ."

ಅವಳೇ ಮೊದಲು ಹೋದಳು. ಮಳೆಗಾಲದ ಜ್ವರ, ಗಂಡನಿಗೆ ಬಂದಂಥದೇ. ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ. ತೊಡೆಯ ಮೇಲೆ ಇಟ್ಟ ಬಲಗೈಯಲ್ಲಿ ಆ ಕರಿಯ ಗೆರೆ ಹಾಗೆಯೇ ಇತ್ತು. ಹುಬ್ಬಳ್ಳಿಯಿಂದ ಬಂದ ಮಾವನವರು ನೆರೆದವರೆದುರು ಕಣ್ಣೊರೆಸಿಕೊಂಡು ಹೇಳಿದರು: "ಪಾಪ, ಭಾಳ ಛಲೋ ಜೀವ. ಮರವೊಂದಿತ್ತು, ಅಷ್ಟ."

ಡ್ರೈವರ್ ಕಾಕಾ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದರು. ಅಲ್ಲಿಂದಲೇ ಅಪ್ಪನನ್ನು ದಿಟ್ಟಿಸಿದರು. ಅಪ್ಪ ತುಟಿ ತೆರೆದರು. ಮುಚ್ಚಿದರು. ಅತ್ತೆಯ ಕಾಲಿನ ಮೇಲಿನ ಸೀರೆಯ ನೆರಿಗೆ ಸರಿಪಡಿಸಿದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ.

ಮಣ್ಣು ಕೊಟ್ಟು ಬಂದ ಮೇಲೆ ಕಾಕಾ ಶೆಡ್ಡಿಗೆ ಹೋಗಿ, ಏನನ್ನೂ ಕೇಳದೆ, ಅವರಿ ಭರಣಿಯನ್ನು ಎತ್ತಿಕೊಂಡು ಹೋದರು. ಮತ್ತೆ ನಮ್ಮ ಓಣಿಗೆ ಬರಲಿಲ್ಲ. ಕಡ್ಲಿ ಭರಣಿಯನ್ನು ನಾನು ಹುಬ್ಬಳ್ಳಿಗೆ ತಂದೆ. ಅದು ಈಗಲೂ ನನ್ನ ಕಪಾಟಿನಲ್ಲಿದೆ. ಒಂದು ಸಲ ಪೂರ್ತಿ ಮೊರಕ್ಕೆ ಸುರಿದು ನೋಡಿದ್ದೇನೆ. ಬೇರೆ ಮನೆಯದು ಒಂದೂ ಇರಲಿಲ್ಲ.

ಅಪ್ಪ ಹೋದರು, ಮಾವನವರೂ ಹೋದರು. ಆ ಮಾತು ಮಾತ್ರ ಮನೆಯಲ್ಲಿ ಉಳಿದಿದೆ. ಮೊನ್ನೆ ನಾನು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕುವಾಗ ಮೊಮ್ಮಗ ಚಪ್ಪಾಳೆ ತಟ್ಟಿ ನಕ್ಕ: "ಅಜ್ಜಿ ಧಾರವಾಡದ ಅತ್ತಿ ಆದ್ಲು!"

ಆ ಅತ್ತೆ ಯಾರೆಂದು ಅವನಿಗೆ ಗೊತ್ತಿಲ್ಲ. ಗೊತ್ತಾಗಲಿ ಎಂದು ಇದನ್ನು ಬರೆದೆ. ಅವಳು ಏನನ್ನೂ ಮರೆತವಳಲ್ಲ.